ಖಾಕಿಯೊಳಗಿನ ಕೊಳಲು: ಷಿಕಾಗೊದಲ್ಲಿ ಐರ್ಲೆಂಡನ್ನು ಉಳಿಸಿದ ಫ್ರಾನ್ಸಿಸ್ ಓನೀಲ್

ಷಿಕಾಗೊ ನಗರದ ಪೊಲೀಸ್ ಮುಖ್ಯಸ್ಥರಾಗಿ ಫ್ರಾನ್ಸಿಸ್ ಓನೀಲ್ ಎಷ್ಟು ಕಳ್ಳರನ್ನು ಹಿಡಿದರೆಂಬ ಲೆಕ್ಕ ಇಂದು ಯಾರಿಗೂ ಬೇಕಿಲ್ಲ. ಅವರು ಹಿಡಿದಿಟ್ಟ ಸಂಗೀತದ ಮಟ್ಟುಗಳ ಲೆಕ್ಕ ಮಾತ್ರ ಐರಿಷ್ ವಾದಕರ ನಾಲಿಗೆಯ ತುದಿಯಲ್ಲಿದೆ. 1903ರ ಸಂಪುಟದಲ್ಲಿ 1,850. 1907ರ ಸಂಪುಟದಲ್ಲಿ 1,001. ತಾಯ್ನಾಡಿನಲ್ಲಿ ಮರೆಯಾಗುತ್ತಿದ್ದ ಒಂದು ಜನಪದ ಸಂಪತ್ತು ಸಾವಿರಾರು ಮೈಲಿ ದೂರದ ಕೈಗಾರಿಕಾ ನಗರವೊಂದರಲ್ಲಿ, ಅದೂ ಪೊಲೀಸ್ ಅಧಿಕಾರಿಯೊಬ್ಬರ ಹಟದಿಂದ ಉಳಿದುಕೊಂಡ ಕಥೆಯಿದು.

ಕ್ಷಾಮದ ಕೂಸು

ಓನೀಲ್ ಜನಿಸಿದ್ದು 1848ರ ಆಗಸ್ಟ್ 28ರಂದು, ಐರ್ಲೆಂಡಿನ ಕಾರ್ಕ್ ಕೌಂಟಿಯ ಬ್ಯಾಂಟ್ರಿ ಸಮೀಪದ ಟ್ರಾಲಿಬೇನ್ ಎಂಬ ಹಳ್ಳಿಯಲ್ಲಿ. ಆಲೂಗಡ್ಡೆ ಬೆಳೆಗೆ ಬಿದ್ದ ರೋಗದಿಂದ 1845ರಲ್ಲಿ ಆರಂಭವಾದ ಮಹಾಕ್ಷಾಮ ಆಗ ದ್ವೀಪವನ್ನು ಹಿಂಡುತ್ತಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಮಂದಿ ಹಡಗು ಹತ್ತಿದರು. ಓನೀಲ್ ಕುಟುಂಬ ಬದುಕಿ ಉಳಿಯಿತು. ರಸ್ತೆ ಕೂಡುವಲ್ಲಿ ಊರವರು ಸೇರಿ ಕುಣಿಯುತ್ತಿದ್ದ ಸಂಜೆಗಳು, ಮನೆಗೆ ಬಂದು ಹೋಗುವ ವಾದಕರು, ಹಿರಿಯರು ಗುನುಗುತ್ತಿದ್ದ ಮಟ್ಟುಗಳು ಬಾಲಕನ ಕಿವಿಯಲ್ಲಿ ಭದ್ರವಾಗಿ ಕುಳಿತವು. ಅವರು ಕೊಳಲು ಕಲಿತರು. ಸ್ವರಲಿಪಿಯನ್ನು ಮಾತ್ರ ಕಲಿಯಲಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಹಡಗಿನ ಕೆಲಸಕ್ಕೆ ಸೇರಿದರು. ಶಾಂತ ಸಾಗರದಲ್ಲಿ ಅವರಿದ್ದ ಮಿನ್ನೆಹಾಹಾ ಎಂಬ ಹಡಗು ಬೇಕರ್ ದ್ವೀಪದ ಬಳಿ ಒಡೆದುಹೋಯಿತು. ಬದುಕುಳಿದವರನ್ನು ಜೋಯಿ ಎಂಬ ಚಿಕ್ಕ ಹಡಗು ಹತ್ತಿಸಿಕೊಂಡಿತು. ಹೊನೊಲುಲು ತಲುಪಲು ಒಂದು ತಿಂಗಳಿಗೂ ಹೆಚ್ಚು ಕಾಲದ ಪ್ರಯಾಣ. ತುತ್ತು ಅನ್ನಕ್ಕೂ ತತ್ವಾರ. ಆ ಹಡಗಿನ ಹವಾಯಿ ನಾವಿಕನೊಬ್ಬನ ಬಳಿ ಕೊಳಲಿತ್ತು. ಓನೀಲ್ ಅದನ್ನು ಪಡೆದು ತಮ್ಮೂರಿನ ಮಟ್ಟುಗಳನ್ನು ನುಡಿಸಿದರು. ಭಾಷೆ ಬಾರದ ಆ ನಾವಿಕ ಮನಸೋತು ತನ್ನ ಪಾಲಿನ ಊಟವನ್ನು ದಿನವೂ ಅವರೊಡನೆ ಹಂಚಿಕೊಂಡ. ದಡ ಮುಟ್ಟಿದಾಗ ಸಂಗಡಿಗರಲ್ಲಿ ಬಹುತೇಕರು ಆಸ್ಪತ್ರೆ ಸೇರಿದರೆ, ಓನೀಲ್ ತಮ್ಮ ಕಾಲ ಮೇಲೆ ನಿಂತಿದ್ದರು. ಅನ್ನ ಕೊಟ್ಟ ವಿದ್ಯೆಯ ಋಣವನ್ನು ಅವರು ಮುಂದೆ ಮರೆಯಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಕುರಿ ಕಾಯುವುದು, ಮಿಸೌರಿಯಲ್ಲಿ ಶಾಲಾ ಮಾಸ್ತರಿಕೆ, ಹೀಗೆ ಹಲವು ಕಸುಬುಗಳ ನಂತರ 1870ರಲ್ಲಿ ಅನ್ನಾ ರೋಜರ್ಸ್ ಅವರನ್ನು ವಿವಾಹವಾದರು. 1873ರಲ್ಲಿ ಷಿಕಾಗೊ ಪೊಲೀಸ್ ಪಡೆಗೆ ಸೇರಿದರು. ಕೆಲಸಕ್ಕೆ ಸೇರಿ ತಿಂಗಳು ತುಂಬುವ ಮೊದಲೇ ಕಳ್ಳನೊಬ್ಬ ಹಾರಿಸಿದ ಗುಂಡು ಬೆನ್ನೆಲುಬಿನ ಬಳಿ ಸಿಕ್ಕಿಕೊಂಡಿತು. ಅದನ್ನು ತೆಗೆಯಲಾಗಲಿಲ್ಲ. ಜೀವನವಿಡೀ ಅದನ್ನು ಹೊತ್ತುಕೊಂಡೇ ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1901ರಲ್ಲಿ ನಗರದ ಪೊಲೀಸ್ ಮುಖ್ಯಸ್ಥರಾದರು.

ಠಾಣೆಯೇ ಸಂಗೀತಶಾಲೆ

ಆಗಿನ ಷಿಕಾಗೊದಲ್ಲಿ ಐರ್ಲೆಂಡಿನ ಎಲ್ಲ ಕೌಂಟಿಗಳ ವಲಸಿಗರಿದ್ದರು. ಕಸಾಯಿಖಾನೆ, ಕಾರ್ಖಾನೆ, ರೈಲ್ವೆಗಳಲ್ಲಿ ದುಡಿಯುತ್ತಿದ್ದ ಇವರಲ್ಲಿ ಅನೇಕರು ಊರಿನಲ್ಲಿ ಹೆಸರಾಂತ ವಾದಕರಾಗಿದ್ದವರು. ಕಾರ್ಕ್‌ನವನಿಗೆ ಗೊತ್ತಿದ್ದ ಮಟ್ಟು ಮೇಯೋದವನಿಗೆ ಗೊತ್ತಿರಲಿಲ್ಲ. ತಾಯ್ನಾಡಿನಲ್ಲಿ ಎಂದೂ ಭೇಟಿಯಾಗದವರು ಇಲ್ಲಿ ಒಂದೇ ಬೀದಿಯಲ್ಲಿದ್ದರು. ಇಡೀ ಐರ್ಲೆಂಡಿನ ಸಂಗೀತ ಒಂದೆಡೆ ಕೂಡುವ ಇಂಥ ಅವಕಾಶ ಮತ್ತೆ ಬಾರದು ಎಂಬುದನ್ನು ಓನೀಲ್ ಮನಗಂಡರು. ಮುದುಕರೊಬ್ಬರು ತೀರಿಕೊಂಡರೆ ಅವರೊಡನೆ ನೂರು ಮಟ್ಟುಗಳೂ ಮಣ್ಣಾಗುತ್ತಿದ್ದವು.

ಪೊಲೀಸರಲ್ಲಿ ಐರಿಷರೇ ಅಧಿಕವಾಗಿದ್ದರು. ಗಸ್ತಿನವನು ಸಿಳ್ಳೆ ಹಾಕಿದ ರಾಗವೂ ಓನೀಲ್ ಅವರ ಕಿವಿಗೆ ಬೀಳುತ್ತಿತ್ತು. ಕೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು ಅವರು ಜೇಮ್ಸ್ ಓನೀಲ್ ಬಳಿಗೆ ಹೋಗುತ್ತಿದ್ದರು. ಹೆಸರು ಒಂದೇ ಆದರೂ ಇಬ್ಬರೂ ನೆಂಟರಲ್ಲ. ಉತ್ತರ ಐರ್ಲೆಂಡಿನಿಂದ ಬಂದ ಈ ಪಿಟೀಲು ವಾದಕರಿಗೆ ಸ್ವರಲಿಪಿ ಬರೆಯುವ ವಿದ್ಯೆ ಕರಗತವಾಗಿತ್ತು. ಒಬ್ಬರು ನುಡಿಸುವುದು ಅಥವಾ ಗುನುಗುವುದು, ಇನ್ನೊಬ್ಬರು ಬರೆದು ಮತ್ತೆ ನುಡಿಸಿ ತೋರಿಸುವುದು, ತಪ್ಪಿದ್ದರೆ ತಿದ್ದುವುದು. ಹಲವು ವರ್ಷಗಳ ರಾತ್ರಿಗಳು ಹೀಗೆ ಕಳೆದವು.

ಜೇಮ್ಸ್ ಅವರೂ ಪೊಲೀಸ್ ಪಡೆ ಸೇರಿದರು. ತೋಳಿನಡಿಯ ತಿದಿಯಿಂದ ಗಾಳಿಯೂದಿ ನುಡಿಸುವ ಐರಿಷ್ ಪೈಪ್‌ನಲ್ಲಿ ನಿಷ್ಣಾತರಾಗಿದ್ದ ಬರ್ನಾರ್ಡ್ ಡಿಲೇನಿ ಅವರಿಗೂ ಅಲ್ಲಿಯೇ ಕೆಲಸ ಸಿಕ್ಕಿತು. ಸಂಗೀತ ಬಲ್ಲ ಐರಿಷರಿಗೆ ಷಿಕಾಗೊ ಪೊಲೀಸ್ ಬಾಗಿಲು ಸುಲಭವಾಗಿ ತೆರೆಯುತ್ತದೆ ಎಂಬ ಮಾತು ನಗರದಲ್ಲಿ ಹಬ್ಬಿತು. ಸರ್ಕಾರಿ ಕೆಲಸವನ್ನು ಹೀಗೆ ಹಂಚಿದ್ದು ಸರಿಯೇ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಆ ಕೆಲಸ ಸಿಗದಿದ್ದರೆ ವಾದಕರು ಊರೂರು ಅಲೆಯುತ್ತಿದ್ದರು, ಮಟ್ಟುಗಳು ಅವರೊಡನೆಯೇ ಹೋಗುತ್ತಿದ್ದವು ಎಂಬುದೂ ಅಷ್ಟೇ ನಿಜ.

ಒಡೆದ ಸಂಘ, ಉಳಿದ ಪುಸ್ತಕ

20ನೇ ಶತಮಾನದ ಆರಂಭದಲ್ಲಿ ಷಿಕಾಗೊದ ವಾದಕರು ಐರಿಷ್ ಮ್ಯೂಸಿಕ್ ಕ್ಲಬ್ ಕಟ್ಟಿದರು. ಪೈಪ್, ಪಿಟೀಲು, ಕೊಳಲು ವಾದಕರೆಲ್ಲ ಒಂದೇ ಸೂರಿನಡಿ ಸೇರಿದ ಆ ದಿನಗಳು ವಲಸಿಗರ ಪಾಲಿಗೆ ಹಬ್ಬವಾಗಿದ್ದವು. ಆದರೆ ಯಾರು ದೊಡ್ಡ ವಾದಕ, ಯಾರಿಗೆ ಮೊದಲ ಮಣೆ ಎಂಬ ಪೈಪೋಟಿ ಬೇಗನೆ ತಲೆಯೆತ್ತಿತು. ಆ ದಶಕ ಮುಗಿಯುವ ಹೊತ್ತಿಗೆ ಸಂಘ ಚದುರಿಹೋಯಿತು. ನೂರಾರು ಮಟ್ಟುಗಳನ್ನು ಧಾರೆಯೆರೆದ ಪಿಟೀಲು ವಾದಕ ಎಡ್ವರ್ಡ್ ಕ್ರೋನಿನ್ ಸಹ ಓನೀಲ್ ಅವರಿಂದ ದೂರವಾದರು.

ಸಂಘ ಒಡೆದರೂ ಪುಸ್ತಕ ಉಳಿಯಿತು. 1903ರಲ್ಲಿ ಹೊರಬಂದ ‘ಮ್ಯೂಸಿಕ್ ಆಫ್ ಐರ್ಲೆಂಡ್’ ಸಂಪುಟದಲ್ಲಿ 625 ಹಾಡಿನ ಧಾಟಿಗಳೂ, 18ನೇ ಶತಮಾನದ ಅಂಧ ಹಾರ್ಪ್ ವಾದಕ ಕ್ಯಾರೊಲನ್ ಅವರ 75 ರಚನೆಗಳೂ, ನೂರಾರು ಕುಣಿತದ ಮಟ್ಟುಗಳೂ ಇದ್ದವು. ವಿದ್ವಾಂಸರು ಕೊಂಕು ತೆಗೆದರು. 1907ರಲ್ಲಿ ನೃತ್ಯದ ಮಟ್ಟುಗಳನ್ನಷ್ಟೇ ಆಯ್ದು ‘ಡಾನ್ಸ್ ಮ್ಯೂಸಿಕ್ ಆಫ್ ಐರ್ಲೆಂಡ್’ ಪ್ರಕಟವಾಯಿತು. ವಾದಕರು ಅದನ್ನು ‘ಪುಸ್ತಕ’ ಎಂದಷ್ಟೇ ಕರೆಯತೊಡಗಿದರು. ಯಾವುದೆಂದು ಯಾರೂ ಕೇಳಬೇಕಿರಲಿಲ್ಲ. 1913ರಲ್ಲಿ ಅವರು ವಾದಕರ ಜೀವನಚರಿತ್ರೆಗಳನ್ನೂ ಗ್ರಂಥವಾಗಿಸಿದರು. ಯಾವ ಇತಿಹಾಸಕಾರರೂ ಗಮನಿಸದ ಕುರುಡು ಪೈಪ್ ವಾದಕರಿಗೆ, ಬಡ ಪಿಟೀಲುಗಾರರಿಗೆ ಅದರಲ್ಲಿ ಪುಟಗಳು ದೊರೆತವು.

ಮನೆಯಲ್ಲಿ ಮೌನ

ಈ ಸಾಧನೆಯ ನಡುವೆಯೇ ಮನೆಯನ್ನು ದುಃಖ ಆವರಿಸಿತು. ಓನೀಲ್ ದಂಪತಿ ತಮ್ಮ ಗಂಡುಮಕ್ಕಳೆಲ್ಲರನ್ನೂ ಕಳೆದುಕೊಂಡರು. 1904ರಲ್ಲಿ ಹರೆಯದ ಮಗ ರೋಜರ್ಸ್ ತೀರಿಕೊಂಡ ಮೇಲೆ ಆ ಮನೆಯಲ್ಲಿ ವಾದ್ಯದ ದನಿ ಅಡಗಿತು. ಸಾವಿರಾರು ಮನೆಗಳಿಗೆ ಸಂಗೀತ ಹಂಚಿದವರ ಸ್ವಂತ ಮನೆ ಮೌನವಾಯಿತು. 1905ರಲ್ಲಿ ನಿವೃತ್ತರಾದ ಓನೀಲ್ ಸಂಗ್ರಹ, ಬರವಣಿಗೆ ಮತ್ತು ಓದಿನಲ್ಲಿ ಮುಳುಗಿದರು. 1906ರಲ್ಲಿ ಐರ್ಲೆಂಡಿಗೆ ಹೋದಾಗ ಅಲ್ಲಿ ಹಳೆಯ ವಾದಕರು ವಿರಳವಾಗಿರುವುದನ್ನು ಕಂಡು ನೊಂದರು. ಕೂಡಿಸಿಟ್ಟ ಅಪರೂಪದ ಗ್ರಂಥಭಂಡಾರವನ್ನು 1931ರಲ್ಲಿ ನಾಟ್ರ್‌ಡೇಮ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ತಮ್ಮ ಜನರ ಸಂಗೀತಕ್ಕೆ ಇನ್ನು ಬಹಳ ಆಯುಸ್ಸಿಲ್ಲ ಎಂಬ ಕೊರಗಿನಲ್ಲೇ 1936ರ ಜನವರಿಯಲ್ಲಿ ಷಿಕಾಗೊದಲ್ಲಿ ಕೊನೆಯುಸಿರೆಳೆದರು.

ಆ ಕೊರಗು ಸುಳ್ಳಾಯಿತು. 1951ರಲ್ಲಿ ಐರ್ಲೆಂಡಿನಲ್ಲಿ ಸಾಂಪ್ರದಾಯಿಕ ವಾದಕರ ಸಂಘಟನೆ ಹುಟ್ಟಿಕೊಂಡಿತು. ಹೊಸ ಪೀಳಿಗೆ ಕಲಿಯಲು ಕುಳಿತಾಗ ಅವರ ಮುಂದೆ ಷಿಕಾಗೊದಿಂದ ಬಂದ ‘ಪುಸ್ತಕ’ವಿತ್ತು. ವಲಸೆ ಹೋದ ಸಂಗೀತ ಹೀಗೆ ತವರಿಗೆ ಮರಳಿತು. ಟ್ರಾಲಿಬೇನ್‌ನಲ್ಲಿ ಇಂದು ಕೊಳಲು ನುಡಿಸುತ್ತಿರುವ ಓನೀಲ್ ಅವರ ಪ್ರತಿಮೆಯಿದೆ.

ಷಿಕಾಗೊದ ಐರಿಷರೂ ಪಾಠ ಕಲಿತರು. 1976ರಲ್ಲಿ ಅಲ್ಲಿ ಐರಿಷ್ ಅಮೆರಿಕನ್ ಹೆರಿಟೇಜ್ ಸೆಂಟರ್ ಎಂಬ ಸಂಸ್ಥೆ ರೂಪುಗೊಂಡಿತು. 1985ರಲ್ಲಿ ಅದು ನಗರದ ವಾಯವ್ಯ ಭಾಗದಲ್ಲಿ ಪಾಳುಬೀಳುತ್ತಿದ್ದ ಹಳೆಯ ಕಾಲೇಜು ಕಟ್ಟಡವನ್ನು ಕೊಂಡಿತು. ಸಮುದಾಯದ ಸ್ವಯಂಸೇವಕರು ಬಿಡುವಿನ ವೇಳೆಯಲ್ಲಿ ದುಡಿದು ಅದನ್ನು ದುರಸ್ತಿ ಮಾಡಿದರು. ಗ್ರಂಥಾಲಯ, ವಸ್ತುಸಂಗ್ರಹಾಲಯ, ರಂಗಮಂದಿರ, ನೃತ್ಯ ಮತ್ತು ಸಂಗೀತದ ತರಗತಿಗಳಿಗೆ ಅಲ್ಲಿ ನೆಲೆ ದೊರೆಯಿತು. ಓನೀಲ್ ಅವರ ಕಾಲದ ಸಂಘಕ್ಕೆ ದಕ್ಕದ ಸ್ಥಿರತೆ ಅವರು ಕಣ್ಮುಚ್ಚಿ ಅರ್ಧ ಶತಮಾನದ ನಂತರ ಸಮುದಾಯಕ್ಕೆ ದಕ್ಕಿತು. ಗೋಡೆಗಳು ತಡವಾಗಿ ಎದ್ದವು. ಅವುಗಳ ನಡುವೆ ನುಡಿಸಬೇಕಾದದ್ದನ್ನು ಅವರು ಅದಕ್ಕೆ ಬಹು ಮೊದಲೇ ಬರೆಸಿಟ್ಟಿದ್ದರು.