ಹಲವು ತೋಮಸರ ನಡುವೆ ಒಬ್ಬ ತೋಮಸ್

ಯಾವುದೇ ಹಳೆಯ ದೇವಾಲಯದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತಿರುವಿ ನೋಡಿದವರಿಗೆ ಒಂದು ಸಂಗತಿ ಕೂಡಲೇ ಗೋಚರಿಸುತ್ತದೆ. ಪುಟಪುಟಕ್ಕೂ ಅವೇ ಹೆಸರುಗಳು: ಜೋಸೆಫ್, ಮರಿಯ, ಅಂತೋಣಿ, ತೋಮಸ್. ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ. ಒಂದೇ ಬೀದಿಯಲ್ಲಿ ಮೂವರು ಅಂತೋಣಿಗಳಿದ್ದರೆ ಮನೆಯ ಗುರುತನ್ನೋ ಕಸುಬಿನ ಗುರುತನ್ನೋ ಸೇರಿಸಿ ಕರೆಯಬೇಕಾಗುತ್ತದೆ. ಇಂಥ ಇಕ್ಕಟ್ಟು ಹದಿನಾರನೆಯ ಶತಮಾನದ ಇಂಗ್ಲೆಂಡಿನ ಅರಮನೆಯಲ್ಲಿಯೂ ಇತ್ತು. ಅಲ್ಲಿ ಎತ್ತ ತಿರುಗಿದರೂ ತೋಮಸ್ ಎಂಬ ಹೆಸರಿನವರೇ ಎದುರಾಗುತ್ತಿದ್ದರು.

ದೊರೆ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, ರಾಜಮುದ್ರೆಯನ್ನು ಕಾಯುವ ಮತ್ತು ನ್ಯಾಯಾಡಳಿತಕ್ಕೂ ಮುಖ್ಯಸ್ಥನಾದ ಲಾರ್ಡ್ ಚಾನ್ಸಲರನ ಪದವಿಯನ್ನು 1515ರಿಂದ 1547ರವರೆಗೆ ನಾಲ್ವರು ಒಬ್ಬರ ಹಿಂದೊಬ್ಬರು ವಹಿಸಿಕೊಂಡರು. ತೋಮಸ್ ವೂಲ್ಸಿ, ತೋಮಸ್ ಮೋರ್, ತೋಮಸ್ ಆಡ್ಲಿ, ತೋಮಸ್ ರೈಯತ್ಸ್ಲಿ. ಇವರಲ್ಲದೆ ಅರಸನ ಮುಖ್ಯ ಕಾರ್ಯದರ್ಶಿ ತೋಮಸ್ ಕ್ರಾಮ್‌ವೆಲ್, ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ತೋಮಸ್ ಕ್ರಾನ್ಮರ್, ನಾರ್ಫೋಕಿನ ಡ್ಯೂಕ್ ತೋಮಸ್ ಹೊವಾರ್ಡ್, ರಾಣಿ ಆ್ಯನ್ ಬೊಲಿನಳ ತಂದೆ ತೋಮಸ್ ಬೊಲಿನ್. ಅರಮಾಯಿಕ್ ಭಾಷೆಯಲ್ಲಿ ತೋಮಸ್ ಎಂದರೆ ಅವಳಿ ಎಂದರ್ಥ. ಹೆಸರಿನಲ್ಲಿ ಅವಳಿಗಳಾದ ಇವರೆಲ್ಲರ ನಡುವೆ ಧರ್ಮಸಭೆಯು ಸಂತನೆಂದು ಗೌರವಿಸುತ್ತಿರುವುದು ಒಬ್ಬರನ್ನು ಮಾತ್ರ. ಅವರೇ ಈ ಲೇಖನದ ನಾಯಕರಾದ ತೋಮಸ್ ಮೋರರು.

ಇಷ್ಟು ಜನರಿಗೆ ಈ ಹೆಸರು ಏಕೆ ಬಂತು? ಪ್ರೇಷಿತರಾದ ಸಂತ ತೋಮಸರು ನಮ್ಮ ಭಾರತಕ್ಕೆ ಹತ್ತಿರದವರು. ಮೈಲಾಪುರವೆಂದರೆ ನಮಗೆ ಮೊದಲು ನೆನಪಾಗುವವರು ಅವರೇ. ಆದರೆ ಇಂಗ್ಲೆಂಡಿನ ತಾಯಂದಿರು ತಮ್ಮ ಮಕ್ಕಳಿಗೆ ಈ ಹೆಸರಿಡುವಾಗ ಹೆಚ್ಚಾಗಿ ನೆನೆಯುತ್ತಿದ್ದುದು ಕ್ಯಾಂಟರ್ಬರಿಯ ಸಂತ ತೋಮಸ್ ಬೆಕೆಟರನ್ನು. ಲಂಡನ್ನಿನ ಚೀಪ್‌ಸೈಡಿನಲ್ಲಿ ಹುಟ್ಟಿದ ಬೆಕೆಟರು ದೊರೆ ಎರಡನೆಯ ಹೆನ್ರಿಯ ಚಾನ್ಸಲರರೂ ಆಪ್ತಮಿತ್ರರೂ ಆಗಿದ್ದರು. ಮಹಾಧರ್ಮಾಧ್ಯಕ್ಷರಾದ ಬಳಿಕ ಧರ್ಮಸಭೆಯ ಹಕ್ಕುಗಳ ವಿಷಯದಲ್ಲಿ ಅರಸನನ್ನು ಎದುರಿಸಿದರು. 1170ರ ಡಿಸೆಂಬರ್ 29ರಂದು ತಮ್ಮ ಪ್ರಧಾನಾಲಯದಲ್ಲಿಯೇ ಕತ್ತಿಗೆ ಬಲಿಯಾದರು. ಮೂರೇ ವರ್ಷಗಳಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಅವರ ಸಮಾಧಿಗೆ ಯೂರೋಪಿನ ಎಲ್ಲೆಡೆಯಿಂದ ಯಾತ್ರಿಕರು ಬಂದರು. ಹೆನ್ರಿ ಎಂಬ ಅರಸ, ತೋಮಸ್ ಎಂಬ ಚಾನ್ಸಲರ್, ಅವರ ಸ್ನೇಹ, ಅದರ ಒಡಕು, ಕೊನೆಗೆ ಕೊಲೆ: ಈ ಕಥೆಯೇ ಮುನ್ನೂರ ಅರವತ್ತೈದು ವರ್ಷಗಳ ಬಳಿಕ ಮತ್ತೊಮ್ಮೆ ನಡೆಯಿತು.

ಮೋರರು 1478ರಲ್ಲಿ ಜನಿಸಿದ್ದು ಅದೇ ಚೀಪ್‌ಸೈಡಿಗೆ ಕೂಡಿಕೊಂಡಿರುವ ಮಿಲ್ಕ್ ಸ್ಟ್ರೀಟಿನಲ್ಲಿ. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಬಾಲಕನನ್ನು ಅಂದಿನ ಚಾನ್ಸಲರರೂ ಮಹಾಧರ್ಮಾಧ್ಯಕ್ಷರೂ ಆಗಿದ್ದ ಜಾನ್ ಮಾರ್ಟನರ ಮನೆಯಲ್ಲಿ ಊಳಿಗಕ್ಕೆ ಬಿಟ್ಟರು. ದೊಡ್ಡವರ ಮನೆಯಲ್ಲಿದ್ದು ನಡೆನುಡಿ ಕಲಿಯುವುದು ಅಂದಿನ ರೂಢಿ. ಅಲ್ಲಿಂದ ಆಕ್ಸ್‌ಫರ್ಡಿಗೆ, ಬಳಿಕ ತಂದೆಯ ಇಚ್ಛೆಯಂತೆ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಲಿಂಕನ್ಸ್ ಇನ್ನಿಗೆ.

ತರುಣ ವಕೀಲನ ಮನಸ್ಸು ಆ ದಿನಗಳಲ್ಲಿ ಎರಡು ಕಡೆ ಎಳೆದಾಡುತ್ತಿತ್ತು. ಲಂಡನ್ನಿನ ಕಾರ್ತೂಸಿಯನ್ ಮಠದ ಬಳಿಯಲ್ಲಿ ಸುಮಾರು ನಾಲ್ಕು ವರ್ಷ ವಾಸವಾಗಿದ್ದು, ಸನ್ಯಾಸಿಗಳ ಜಪತಪಗಳಲ್ಲಿ ಭಾಗಿಯಾಗುತ್ತ, ತಮಗೆ ಮಠದ ಕರೆಯಿದೆಯೇ ಎಂದು ಅವರು ಪರೀಕ್ಷಿಸಿಕೊಂಡರು. ಕೊನೆಗೆ ಗೃಹಸ್ಥಾಶ್ರಮವನ್ನೇ ಆರಿಸಿಕೊಂಡರು. ಆದರೆ ಮಠದಿಂದ ಒಂದು ವಸ್ತುವನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಮೈಗೆ ಚುಚ್ಚುವ, ಕೂದಲಿನಿಂದ ನೆಯ್ದ ಒರಟು ಅಂಗಿಯನ್ನು ಮೇಲುಡುಪಿನ ಒಳಗೆ ಗುಟ್ಟಾಗಿ ಧರಿಸುತ್ತಿದ್ದರು. ಚಾನ್ಸಲರರ ಚಿನ್ನದ ಸರಪಳಿಯ ಕೆಳಗೆ ಅದಿರುವುದು ಮನೆಯವರಲ್ಲಿ ಹಿರಿಯ ಮಗಳೊಬ್ಬಳಿಗೇ ಚೆನ್ನಾಗಿ ತಿಳಿದಿತ್ತು.

ಮೊದಲ ಪತ್ನಿ ಜೇನ್ ಕೋಲ್ಟ್ ನಾಲ್ವರು ಮಕ್ಕಳನ್ನು ಬಿಟ್ಟು 1511ರಲ್ಲಿ ತೀರಿಕೊಂಡರು. ಮಕ್ಕಳಿಗೆ ತಾಯಿ ಬೇಕೆಂದು ಮೋರರು ಬೇಗನೆ ಆಲಿಸ್ ಎಂಬ ವಿಧವೆಯನ್ನು ವರಿಸಿದರು. ಈಕೆ ಬಾಯಿ ಜೋರಿನ, ಆದರೆ ಮನೆಯನ್ನು ಗಟ್ಟಿಯಾಗಿ ಹಿಡಿದು ನಡೆಸುವ ಗೃಹಿಣಿ. ಮಾರ್ಗರೇಟ್, ಎಲಿಜಬೆತ್, ಸಿಸಿಲಿ ಎಂಬ ಹೆಣ್ಣುಮಕ್ಕಳಿಗೆ ಮಗ ಜಾನನಿಗೆ ಸಮನಾಗಿ ಲ್ಯಾಟಿನ್ ಮತ್ತು ಗ್ರೀಕ್ ವಿದ್ಯೆ ದೊರೆಯಿತು. ಹೆಣ್ಣಿಗೆ ಅಕ್ಷರವೇ ಹೆಚ್ಚೆನ್ನುತ್ತಿದ್ದ ಕಾಲವದು. ಮಾರ್ಗರೇಟಳು ಎರಾಸ್ಮಸರ ಲ್ಯಾಟಿನ್ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು ಅಚ್ಚು ಮಾಡಿಸುವಷ್ಟು ಪಂಡಿತೆಯಾದಳು. ಆ ಎರಾಸ್ಮಸರು ಮೋರರ ಪ್ರಾಣಮಿತ್ರರು. ಮೂಢತನವನ್ನು ಹೊಗಳುವ ತಮ್ಮ ಹಾಸ್ಯಗ್ರಂಥವನ್ನು ಮೋರರ ಮನೆಯಲ್ಲಿದ್ದಾಗಲೇ ಬರೆದು, ಅದರ ಲ್ಯಾಟಿನ್ ಶೀರ್ಷಿಕೆಯಲ್ಲಿ ಗೆಳೆಯನ ಹೆಸರನ್ನೇ ಶ್ಲೇಷೆಗೆ ಬಳಸಿದರು. ಮೋರರದೇ ಗ್ರಂಥವಾದ ಯುಟೋಪಿಯ 1516ರಲ್ಲಿ ಪ್ರಕಟವಾಯಿತು. ಎಲ್ಲಿಯೂ ಇಲ್ಲದ ಆದರ್ಶ ದ್ವೀಪಕ್ಕೆ ಅವರಿಟ್ಟ ಆ ಹೆಸರು ಇಂದು ಜಗತ್ತಿನ ಭಾಷೆಗಳಲ್ಲೆಲ್ಲ ಬೆರೆತುಹೋಗಿದೆ.

ಅರಮನೆಯ ಮೆಟ್ಟಿಲುಗಳನ್ನು ಅವರು ಹತ್ತಿದ ಬಗೆಯನ್ನು ವಿಸ್ತರಿಸಬೇಕಾಗಿಲ್ಲ. ರಾಜಸಭೆಯ ಸದಸ್ಯತ್ವ, 1521ರಲ್ಲಿ ನೈಟ್ ಪದವಿ, 1523ರಲ್ಲಿ ಸಾಮಾನ್ಯರ ಸಭೆಯ ಅಧ್ಯಕ್ಷತೆ. ಸದಸ್ಯರು ಭಯವಿಲ್ಲದೆ ಮಾತನಾಡಲು ಅನುಮತಿ ಇರಬೇಕೆಂದು ಅಧ್ಯಕ್ಷರಾಗಿ ಅವರು ದೊರೆಯಲ್ಲಿ ಮಾಡಿದ ಬಿನ್ನಹವನ್ನು ಸಂಸತ್ತುಗಳ ಚರಿತ್ರೆಕಾರರು ಇಂದಿಗೂ ನೆನೆಯುತ್ತಾರೆ. ಅಷ್ಟರಲ್ಲಿ ಮೊದಲನೆಯ ತೋಮಸ್, ಅಂದರೆ ಕಾರ್ಡಿನಲ್ ವೂಲ್ಸಿ, ಮುಗ್ಗರಿಸಿದ್ದರು. ಇಪ್ಸ್‌ವಿಚ್ಚಿನ ಕಸಾಯಿಯ ಮಗನೆಂದು ಜನ ಆಡಿಕೊಳ್ಳುತ್ತಿದ್ದ, ಅರಸನಿಗಿಂತಲೂ ವೈಭವದಿಂದ ಬಾಳಿದ ಈ ಮಂತ್ರಿಗೆ ಒಂದು ಕೆಲಸ ಕೈಗೂಡಲಿಲ್ಲ. ರಾಣಿ ಕ್ಯಾಥರಿನಳೊಡನೆ ತನಗಾದ ವಿವಾಹವು ಅಸಿಂಧುವೆಂದು ಜಗದ್ಗುರುಗಳಿಂದ ತೀರ್ಪು ತರಿಸಿಕೊಡಬೇಕೆಂದು ಹೆನ್ರಿ ಕೇಳಿದ್ದ. ಗಂಡುಸಂತಾನದ ಹಂಬಲವೂ ಆ್ಯನ್ ಬೊಲಿನಳ ಮೋಹವೂ ಆ ಬೇಡಿಕೆಯ ಹಿಂದಿದ್ದವು. ಏಳನೆಯ ಕ್ಲೆಮೆಂಟರು ತೀರ್ಪು ಕೊಡಲಿಲ್ಲ, ವೂಲ್ಸಿ ಪದಚ್ಯುತರಾದರು, 1530ರಲ್ಲಿ ರಾಜದ್ರೋಹದ ವಿಚಾರಣೆಗೆಂದು ಕರೆತರುತ್ತಿದ್ದಾಗ ಲೆಸ್ಟರಿನ ಮಠದಲ್ಲಿ ಕಣ್ಣುಮುಚ್ಚಿದರು. ಅವರ ಪೀಠಕ್ಕೆ 1529ರ ಅಕ್ಟೋಬರಿನಲ್ಲಿ ಮೋರರು ಬಂದಿದ್ದರು.

ಚಾನ್ಸಲರರಾಗಿದ್ದಾಗಲೂ ಮೋರರು ಚೆಲ್ಸಿಯ ತಮ್ಮ ಧರ್ಮಕೇಂದ್ರದಲ್ಲಿ ಬಿಳಿಯ ನಿಲುವಂಗಿ ತೊಟ್ಟು ಗಾಯಕವೃಂದದ ನಡುವೆ ನಿಂತು ಹಾಡುತ್ತಿದ್ದರು. ಊಟಕ್ಕೆ ಬಂದ ನಾರ್ಫೋಕಿನ ಡ್ಯೂಕ್ ತೋಮಸ್ ಹೊವಾರ್ಡನು ಇದನ್ನು ಕಂಡು, ಚಾನ್ಸಲರನು ಹಳ್ಳಿಯ ಗುಡಿಯ ಪರಿಚಾರಕನಂತೆ ನಿಂತರೆ ದೊರೆಗೂ ಪದವಿಗೂ ಅವಮಾನವೆಂದು ಆಕ್ಷೇಪಿಸಿದನಂತೆ. ದೊರೆಯ ಒಡೆಯನಾದ ದೇವರಿಗೆ ಮಾಡುವ ಸೇವೆಯಿಂದ ದೊರೆಗೆ ಬೇಸರವಾಗಲಾರದೆಂದು ಮೋರರು ನಗುತ್ತ ಸಮಾಧಾನ ಹೇಳಿದರು. ಭಾನುವಾರದ ಗಾಯಕವೃಂದಕ್ಕೆ ಜನ ಸಾಲದೆ ಪರದಾಡುವ ನಮ್ಮ ಧರ್ಮಕೇಂದ್ರಗಳವರು ಈ ಪ್ರಸಂಗವನ್ನು ಗಮನಿಸಬಹುದು.

ಸಂತರ ಚರಿತ್ರೆಯನ್ನು ಬರೆಯುವವರು ಕೆಲವು ಪುಟಗಳನ್ನು ಬೇಗ ಮಗುಚುತ್ತಾರೆ. ಅದು ಸರಿಯಲ್ಲ. ಮೋರರು ಅಧಿಕಾರದಲ್ಲಿದ್ದ ಎರಡೂವರೆ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಪಾಷಂಡವಾದದ ಆರೋಪದ ಮೇಲೆ ಆರು ಮಂದಿಯನ್ನು ಜೀವಂತ ಸುಡಲಾಯಿತು. ಆ ಆರರಲ್ಲಿ ಮೂವರ ಹೆಸರೂ ತೋಮಸ್: ತೋಮಸ್ ಹಿಟ್ಟನ್, ತೋಮಸ್ ಬಿಲ್ನಿ, ತೋಮಸ್ ಡಸ್ಗೇಟ್. ಲೂಥರನ ಬೋಧನೆ ಹಬ್ಬಿದರೆ ದೇಶ ಹೊತ್ತಿ ಉರಿಯುವುದೆಂದು ಮೋರರು ನಂಬಿದ್ದರು. ಅಂದಿನ ಕಾನೂನೂ ಹಾಗೆಯೇ ಇತ್ತು. ಆದರೂ ಅವರು ಆ ದಂಡನೆಗಳನ್ನು ತಮ್ಮ ಬರಹಗಳಲ್ಲಿ ಸಮರ್ಥಿಸಿದ್ದನ್ನು ಓದಿದಾಗ ಮನಸ್ಸು ಮುದುಡುತ್ತದೆ. ತನ್ನ ಅಂತಃಸಾಕ್ಷಿಗಾಗಿ ಪ್ರಾಣ ಕೊಟ್ಟವರೇ ಇನ್ನೊಬ್ಬರ ಅಂತಃಸಾಕ್ಷಿಗೆ ಅಷ್ಟು ಎಡೆ ಕೊಡಲಿಲ್ಲ. ಈ ವಿಷಯದಲ್ಲಿ ಅವರು ತಮ್ಮ ಕಾಲದ ಮಿತಿಯನ್ನು ದಾಟಲಿಲ್ಲವೆಂದು ಎರಡನೆಯ ಜಾನ್ ಪಾಲರು 2000ದಲ್ಲಿ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದ ಪತ್ರದಲ್ಲಿಯೇ ಒಪ್ಪಿಕೊಂಡಿದ್ದಾರೆ.

1532ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಗುರುವರ್ಗವು ಅರಸನ ಅಧಿಕಾರಕ್ಕೆ ಶರಣಾಯಿತು. ಮರುದಿನವೇ, ಅಂದರೆ ಮೇ 16ರಂದು, ಮೋರರು ರಾಜಮುದ್ರೆಯನ್ನು ಹಿಂದಿರುಗಿಸಿದರು. ವರಮಾನ ಒಮ್ಮೆಗೇ ಕುಸಿಯಿತು. ಮನೆಯವರನ್ನೆಲ್ಲ ಕೂಡಿಸಿ, ಊಟದ ಮಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸೋಣ, ಕೊನೆಗೆ ಆಕ್ಸ್‌ಫರ್ಡಿನ ಬಡ ವಿದ್ಯಾರ್ಥಿಯ ಊಟಕ್ಕೂ ಗತಿಯಿಲ್ಲದಿದ್ದರೆ ಜೋಳಿಗೆ ಹಿಡಿದು ಮನೆಮನೆಯ ಮುಂದೆ ಮಾತೆ ಮರಿಯಳ ಸ್ತೋತ್ರ ಹಾಡುತ್ತ ಜೊತೆಯಾಗಿ ಬೇಡೋಣವೆಂದು ಅವರು ವಿನೋದವಾಗಿ ಹೇಳಿದರೆಂದು ಅಳಿಯ ವಿಲಿಯಂ ರೋಪರ್ ಬರೆದಿಟ್ಟಿದ್ದಾನೆ.

ಸುಮ್ಮನೆ ಬದುಕಲು ಅವರನ್ನು ಬಿಡಲಿಲ್ಲ. 1533ರಲ್ಲಿ ಕ್ರಾನ್ಮರನು ಅರಸನ ಮೊದಲ ವಿವಾಹವನ್ನು ರದ್ದೆಂದು ಘೋಷಿಸಿದ, ಆ್ಯನ್ ರಾಣಿಯಾದಳು. ಮರುವರ್ಷ ಉತ್ತರಾಧಿಕಾರದ ಕಾಯಿದೆ ಬಂತು. ಅದರ ಮೇರೆಗೆ ಪ್ರಜೆಗಳು ಪ್ರಮಾಣ ಮಾಡಬೇಕಾಗಿತ್ತು. 1534ರ ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಬರುವಂತೆ ಕರೆ ಬಂದಾಗ ಮೋರರು ಬೆಳಿಗ್ಗೆ ಪಾಪನಿವೇದನೆ ಮಾಡಿ ಪೂಜೆಯಲ್ಲಿ ಪಾಲುಗೊಂಡರು. ಎಂದಿನಂತೆ ಹೆಂಡತಿ ಮಕ್ಕಳು ದೋಣಿಯವರೆಗೆ ಬಂದು ಬೀಳ್ಕೊಡಲು ಬಿಡದೆ, ತೋಟದ ಬಾಗಿಲನ್ನು ತಾವೇ ಮುಚ್ಚಿ ಹೊರಟರು. ಲ್ಯಾಂಬೆತ್ತಿನಲ್ಲಿ ಅವರ ಮುಂದೆ ಕುಳಿತ ನಾಲ್ವರಲ್ಲಿ ಮೂವರು ಅವರದೇ ಹೆಸರಿನವರು: ಕ್ರಾನ್ಮರ್, ಆಡ್ಲಿ, ಕ್ರಾಮ್‌ವೆಲ್. ಸಿಂಹಾಸನ ಯಾರಿಗೆ ಸಲ್ಲಬೇಕೆಂಬುದನ್ನು ಸಂಸತ್ತು ನಿರ್ಣಯಿಸಬಹುದು, ಅದಕ್ಕೆ ತಮ್ಮ ಅಡ್ಡಿಯಿಲ್ಲ. ಆದರೆ ಮುಂದಿಟ್ಟಿರುವ ಪ್ರಮಾಣವನ್ನು ಹಾಗೆಯೇ ಮಾಡಲು ಅಂತಃಸಾಕ್ಷಿ ಒಪ್ಪದೆಂದರು. ಕಾರಣ ಕೇಳಿದರೆ ಹೇಳಲಿಲ್ಲ. ಪ್ರಮಾಣ ಮಾಡಿದವರನ್ನು ದೂಷಿಸಲೂ ಇಲ್ಲ. ನಾಲ್ಕು ದಿನಗಳ ಬಳಿಕ ಅವರನ್ನು ಲಂಡನ್ ಗೋಪುರದ ಸೆರೆಮನೆಗೆ ಕಳುಹಿಸಲಾಯಿತು.

ಸೆರೆವಾಸದ ಹದಿನೈದು ತಿಂಗಳುಗಳಲ್ಲಿ ಅತ್ಯಂತ ಕಠಿಣವಾದ ಒತ್ತಾಯ ಬಂದದ್ದು ಮನೆಯಿಂದಲೇ. ಪತಿಯ ಊಟದ ಖರ್ಚಿಗಾಗಿ ಬಟ್ಟೆಬರೆಗಳನ್ನು ಮಾರುವ ಸ್ಥಿತಿಗೆ ಬಂದಿದ್ದ ಆಲಿಸಳಿಗೆ ಈ ಹಠವೇ ಅರ್ಥವಾಗಲಿಲ್ಲ. ಚೆಲ್ಸಿಯ ಚೆಲುವಾದ ಮನೆ, ಗ್ರಂಥಭಂಡಾರ, ತೋಟಗಳನ್ನು ಬಿಟ್ಟು ಇಲಿಗಳ ನಡುವೆ ಮಲಗುವುದೇಕೆಂದು ಗದರಿದಳು. ಪ್ರಿಯ ಪುತ್ರಿ ಮಾರ್ಗರೇಟಳು ದೇವರ ಕಟ್ಟಳೆಗೆ ವಿರೋಧವಾಗದಷ್ಟು ಮಟ್ಟಿಗೆ ಎಂಬ ಮಾತನ್ನು ಸೇರಿಸಿ ತಾನೇ ಪ್ರಮಾಣ ಮಾಡಿದ್ದಳು. ತಂದೆಯೂ ಹಾಗೆ ಮಾಡಬಾರದೇ ಎಂದು ಬೇಡಿದಳು. 1535ರ ಮೇ 4ರಂದು ಕಾರ್ತೂಸಿಯನ್ ಸನ್ಯಾಸಿಗಳನ್ನು ವಧಾಸ್ಥಾನಕ್ಕೆ ಎಳೆದೊಯ್ಯುತ್ತಿದ್ದುದನ್ನು ತಂದೆ ಮಗಳಿಬ್ಬರೂ ಸೆರೆಯ ಕಿಟಕಿಯಿಂದ ನೋಡಿದರು. ಮದುವೆಗೆ ಹೊರಟ ವರರಂತೆ ಅವರು ಹರ್ಷದಿಂದ ಹೋಗುತ್ತಿರುವುದನ್ನು ಮೋರರು ಮಗಳಿಗೆ ತೋರಿಸಿದರು. ಯೌವನದಲ್ಲಿ ತಾವು ಬಿಟ್ಟುಬಂದ ಮಠದ ಜನರಲ್ಲವೇ ಅವರು! ಜೂನ್ 22ರಂದು ರಾಚೆಸ್ಟರಿನ ಧರ್ಮಾಧ್ಯಕ್ಷ ಜಾನ್ ಫಿಶರರ ಶಿರಶ್ಛೇದವಾಯಿತು. ಅಷ್ಟರೊಳಗೆ ಮೋರರ ಪುಸ್ತಕಗಳನ್ನೂ ಲೇಖನ ಸಾಮಗ್ರಿಯನ್ನೂ ಕಿತ್ತುಕೊಂಡಾಗಿತ್ತು. ಬಳಿಕ ಅವರು ಬರೆದದ್ದು ಇದ್ದಿಲಿನ ತುಂಡಿನಿಂದ.

ಜುಲೈ 1ರಂದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಅಧ್ಯಕ್ಷತೆ ಆಡ್ಲಿಯದು, ನ್ಯಾಯಪೀಠದಲ್ಲಿ ಹೊವಾರ್ಡ್, ಬೊಲಿನ್, ಕ್ರಾಮ್‌ವೆಲ್ ಕುಳಿತಿದ್ದರು. ಮೌನವನ್ನು ಅಪರಾಧವೆನ್ನಲಾಗದೆಂದು ಮೋರರು ವಕೀಲರಂತೆಯೇ ವಾದಿಸಿದರು. ಆಗ ರಿಚರ್ಡ್ ರಿಚ್ ಎಂಬ ಸರಕಾರಿ ವಕೀಲನು ಸೆರೆಮನೆಯಲ್ಲಿ ತನ್ನೊಡನೆ ಮೋರರು ಅರಸನ ಧಾರ್ಮಿಕ ಪರಮಾಧಿಕಾರವನ್ನು ನಿರಾಕರಿಸಿ ಮಾತನಾಡಿದರೆಂದು ಸಾಕ್ಷಿ ನುಡಿದ. ಅದು ಸುಳ್ಳು ಸಾಕ್ಷಿಯೆಂದು ಮೋರರು ಅವನ ಮುಖಕ್ಕೇ ಹೇಳಿದರು. ಪಂಚರಿಗೆ ಕಾಲು ಗಂಟೆಯೂ ಬೇಕಾಗಲಿಲ್ಲ. ಅಪರಾಧಿಯೆಂದು ತೀರ್ಪಾದ ಮೇಲೆಯೇ ಅವರು ಮೌನ ಮುರಿದು, ಧರ್ಮಸಭೆಯ ಶಿರಸ್ಸಾಗುವ ಅಧಿಕಾರವನ್ನು ಯಾವ ಸಂಸತ್ತೂ ಯಾವ ಅರಸನಿಗೂ ಕೊಡಲಾರದೆಂದು ಸ್ಪಷ್ಟವಾಗಿ ಸಾರಿದರು. ಸ್ತೆಫಾನನ ಕೊಲೆಗೆ ಸಮ್ಮತಿಸಿದ್ದ ಪೌಲನೂ ಸ್ತೆಫಾನನೂ ಈಗ ಸ್ವರ್ಗದಲ್ಲಿ ಮಿತ್ರರಾಗಿರುವಂತೆ ತಾವೂ ಈ ನ್ಯಾಯಾಧೀಶರೂ ಅಲ್ಲಿ ಸಂತೋಷದಿಂದ ಕೂಡುವಂತಾಗಲೆಂದು ಹಾರೈಸಿದರು. ಗೋಪುರಕ್ಕೆ ಮರಳುವ ದಾರಿಯಲ್ಲಿ ಮಾರ್ಗರೇಟಳು ಆಯುಧಪಾಣಿಗಳಾದ ಕಾವಲುಗಾರರ ನಡುವೆ ನುಗ್ಗಿ ತಂದೆಯ ಕೊರಳನ್ನು ತಬ್ಬಿಕೊಂಡಳು. ದೂರ ಹೋದವಳು ತಡೆಯಲಾರದೆ ಮತ್ತೊಮ್ಮೆ ಓಡಿಬಂದು ತಬ್ಬಿದಳು. ನೋಡಿದ ಅನೇಕರು ಅತ್ತರು.

ಜುಲೈ 5ರಂದು ಮಗಳಿಗೆ ಬರೆದ ಕೊನೆಯ ಪತ್ರದಲ್ಲಿ ಮೋರರು ತಮ್ಮ ಹೆಸರಿನ ಸಂತರನ್ನು ನೆನೆದಿದ್ದಾರೆ. ಬೆಕೆಟರ ಅವಶೇಷಗಳ ಸ್ಥಳಾಂತರದ ಹಬ್ಬ ಜುಲೈ 7ರಂದು. ಅದರ ಮುನ್ನಾದಿನವೂ ಸಂತ ಪೇತ್ರರ ಹಬ್ಬದ ಎಂಟನೆಯ ದಿನವೂ ಆದ ನಾಳೆಯೇ ದೇವರ ಬಳಿಗೆ ಹೋಗಬೇಕೆಂಬುದು ಅವರ ಬಯಕೆ. ಆ ಕೂದಲಂಗಿಯನ್ನೂ ಅವಳಿಗೇ ಕಳುಹಿಸಿದರು. ಬಯಸಿದಂತೆಯೇ ಮರುದಿನ ಮುಂಜಾನೆ ಒಂಬತ್ತಕ್ಕೆ ಮುಂಚೆ ಮರಣವೆಂಬ ಸುದ್ದಿ ಬಂತು. ತಂದವನು ಹಳೆಯ ಮಿತ್ರ ಸರ್ ತೋಮಸ್ ಪೋಪ್. ಸುದ್ದಿ ಹೇಳಿ ಅವನೇ ಅತ್ತ. ಸಾಯಬೇಕಾದವರು ಅವನನ್ನು ಸಂತೈಸಿದರು. ಅಲುಗಾಡುತ್ತಿದ್ದ ಮರದ ಅಟ್ಟಣೆಯನ್ನು ಹತ್ತುವಾಗ ಅಧಿಕಾರಿಯ ಕೈಯಾಸರೆ ಬೇಡಿ, ಇಳಿಯುವಾಗ ತಮ್ಮ ಪಾಡು ತಾವೇ ನೋಡಿಕೊಳ್ಳುವುದಾಗಿ ನಗೆಯಾಡಿದರು. ಮಾತು ಕಡಿಮೆ ಇರಲೆಂದು ದೊರೆಯ ಅಪ್ಪಣೆಯಾಗಿತ್ತು, ಅದರಂತೆಯೇ ನಡೆದುಕೊಂಡರು.

ಉಳಿದ ತೋಮಸರು? ಕ್ರಾಮ್‌ವೆಲ್ಲನ ತಲೆ 1540ರಲ್ಲಿ ಅದೇ ಟವರ್ ಹಿಲ್ಲಿನಲ್ಲಿ ಉರುಳಿತು. ಬೊಲಿನನು ತನ್ನ ಮಗ ಮತ್ತು ಮಗಳ ಶಿರಶ್ಛೇದವನ್ನು ಕಂಡು 1539ರಲ್ಲಿ ಸತ್ತ. ಹೊವಾರ್ಡನಿಗೂ ಮರಣದಂಡನೆಯಾಗಿತ್ತು, 1547ರಲ್ಲಿ ಅರಸನೇ ಮೊದಲು ಸತ್ತುದರಿಂದ ತಲೆ ಉಳಿಯಿತು. ಕ್ರಾನ್ಮರನನ್ನು 1556ರಲ್ಲಿ, ಕ್ಯಾಥರಿನಳ ಮಗಳು ಮೇರಿಯ ಆಳ್ವಿಕೆಯಲ್ಲಿ, ಆಕ್ಸ್‌ಫರ್ಡಿನಲ್ಲಿ ಸುಟ್ಟರು. ಹಾಸಿಗೆಯಲ್ಲಿ ನೆಮ್ಮದಿಯಾಗಿ ಸತ್ತವರಲ್ಲಿ ಆಡ್ಲಿ ಒಬ್ಬ. ಸತ್ತವರನ್ನೂ ಹೆನ್ರಿ ಬಿಡಲಿಲ್ಲ: 1538ರಲ್ಲಿ ಬೆಕೆಟರ ಸಮಾಧಿಯನ್ನು ಒಡೆಸಿ, ಅವರನ್ನು ಸಂತರೆಂದು ಕರೆಯಕೂಡದೆಂದು ಆಜ್ಞೆ ಹೊರಡಿಸಿದ.

ಹದಿಮೂರನೆಯ ಲಿಯೋ ಜಗದ್ಗುರುಗಳು ಮೋರರನ್ನು ಪುನೀತರೆಂದು ಸಾರಿದ್ದು 1886ರ ಡಿಸೆಂಬರ್ 29ರಂದು, ಬೆಕೆಟರ ಹಬ್ಬದ ದಿನ. ಹನ್ನೊಂದನೆಯ ಪಿಯುಸರು 1935ರಲ್ಲಿ ಮೋರರನ್ನೂ ಫಿಶರರನ್ನೂ ಸಂತರ ಪಟ್ಟಿಗೆ ಸೇರಿಸಿದರು. ಇಬ್ಬರ ಹಬ್ಬವೂ ಜೂನ್ 22ರಂದು. ಮೋರರ ತಲೆಯನ್ನು ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಚುಚ್ಚಿದ್ದರು. ಮಾರ್ಗರೇಟಳು ಅದನ್ನು ಪಡೆದು ಜೋಪಾನ ಮಾಡಿದಳು. ಈಗ ಅದು ಕ್ಯಾಂಟರ್ಬರಿಯಲ್ಲಿ ಸಂತ ಡನ್‌ಸ್ಟನರ ದೇವಾಲಯದೊಳಗೆ ರೋಪರ್ ಮನೆತನದ ಸಮಾಧಿಯಲ್ಲಿದೆ. 1174ರಲ್ಲಿ ಎರಡನೆಯ ಹೆನ್ರಿಯು ಬೆಕೆಟರ ಕೊಲೆಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಬಂದಾಗ ರಾಜವಸ್ತ್ರವನ್ನೂ ಪಾದರಕ್ಷೆಗಳನ್ನೂ ಕಳಚಿಟ್ಟು ಬರಿಗಾಲಿನಲ್ಲಿ ನಡೆಯತೊಡಗಿದ್ದು ಅದೇ ದೇವಾಲಯದಿಂದ.