ಆನಂದಿಬಾಯಿ ಜೋಶಿ ಮತ್ತು ಗರ್ಭಿಣಿಯರ ವಸಡಿನ ಆರೋಗ್ಯ

ಗರ್ಭಿಣಿಯಾಗಿದ್ದಾಗ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಹಲವರು ಯಾರಿಗೂ ಹೇಳುವುದಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಾಗುತ್ತಾರೆ. ಹೆಂಗಸರು ಕಾಯಿಲೆಯನ್ನು ಹೇಳಿಕೊಳ್ಳದೆ ಸಹಿಸುವ ರೂಢಿಯನ್ನು ಬದಲಿಸಲು ಹೊರಟವರು ಕಲ್ಯಾಣದ ಡಾ. ಆನಂದಿಬಾಯಿ ಜೋಶಿ.

ಇಂದಿನ ಠಾಣೆ ಜಿಲ್ಲೆಯ ಕಲ್ಯಾಣದ ಮನೆತನವೊಂದರಲ್ಲಿ 1865ರ ಮಾರ್ಚ್ 31ರಂದು ಹುಟ್ಟಿದ ಅವರ ತವರಿನ ಹೆಸರು ಯಮುನಾ. 9ನೇ ವಯಸ್ಸಿನಲ್ಲಿ ಅಂಚೆ ನೌಕರ ಗೋಪಾಲರಾವ್ ಜೋಶಿಯವರೊಡನೆ ಮದುವೆಯಾಯಿತು. 14ರಲ್ಲಿ ಹೆತ್ತ ಗಂಡುಮಗು ತಕ್ಕ ವೈದ್ಯಕೀಯ ನೆರವಿಲ್ಲದೆ ಹತ್ತೇ ದಿನಕ್ಕೆ ತೀರಿಕೊಂಡಿತು. ಆ ದುಃಖವೇ ಅವರನ್ನು ವೈದ್ಯಕೀಯದತ್ತ ತಿರುಗಿಸಿತು. ಪುರುಷ ವೈದ್ಯರ ಮುಂದೆ ಹೆಂಗಸರು ಬಾಯಿಬಿಡಲು ಹಿಂಜರಿಯುತ್ತಿದ್ದ ಕಾಲವದು.

1883ರಲ್ಲಿ ಅವರು ಹಡಗಿನಲ್ಲಿ ಅಮೆರಿಕಕ್ಕೆ ಹೋಗಿ, ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. 1886ರ ಮಾರ್ಚ್ 11ರಂದು ಪದವಿ ಪಡೆದರು. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಹಿಂದೂಗಳಲ್ಲಿನ ಪ್ರಸೂತಿ ಪದ್ಧತಿ. ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಾರ್ಡಿನ ಹೊಣೆ ಅವರಿಗೆ ಬಂದಿತ್ತು. ಆದರೆ ಕ್ಷಯರೋಗ ಬಿಡಲಿಲ್ಲ. 1887ರ ಫೆಬ್ರವರಿ 26ರಂದು, 22 ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು.

ಅವರು ದಂತವೈದ್ಯೆಯಲ್ಲ. ಆದರೆ ಅವರು ಆರಿಸಿಕೊಂಡ ತಾಯಂದಿರ ಆರೈಕೆಯಲ್ಲಿ ಇಂದು ವಸಡಿನ ತಪಾಸಣೆಯೂ ಸೇರಿದೆ. ಕಾರಣ ಸರಳ: ಹಲ್ಲಿನ ಬುಡದಲ್ಲಿ ಕೂರುವ ಪ್ಲೇಕ್ ಎಂಬ ಅಂಟುಪದರದಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಗರ್ಭಾವಸ್ಥೆಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರುವುದರಿಂದ ಅದೇ ಪ್ಲೇಕ್‌ಗೆ ವಸಡು ಹೆಚ್ಚು ಕೆರಳುತ್ತದೆ. ಕೆಂಪಾಗಿ ಊದಿಕೊಂಡು ರಕ್ತ ಒಸರುತ್ತದೆ. ಇದು ಜಿಂಜಿವೈಟಿಸ್. ಈ ಹಂತದಲ್ಲಿ ಪೂರ್ತಿ ಗುಣವಾಗುತ್ತದೆ. ಬಿಟ್ಟರೆ ಪೆರಿಯೊಡಾಂಟೈಟಿಸ್ ಆಗಿ ಹಲ್ಲು ಹಿಡಿದಿರುವ ಮೂಳೆ ಕರಗಬಹುದು. ಕರಗಿದ ಮೂಳೆ ತಾನಾಗಿ ಮರಳಿ ಬೆಳೆಯುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟೆ. ರಕ್ತ ಬರುತ್ತದೆಂದು ಹಲ್ಲುಜ್ಜುವುದನ್ನು ನಿಲ್ಲಿಸಬೇಡಿ. ಮೃದುವಾದ ಬ್ರಷ್‌ನಿಂದ ದಿನಕ್ಕೆರಡು ಬಾರಿ ಉಜ್ಜಿ. ವಾಂತಿಯಾದರೆ ಮೊದಲು ನೀರಿನಿಂದ ಬಾಯಿ ಮುಕ್ಕಳಿಸಿ. ದಂತವೈದ್ಯರಿಗೆ ಎಷ್ಟನೇ ತಿಂಗಳೆಂದು ಹೇಳಿ. ಹಲ್ಲು ಶುಚಿಗೊಳಿಸುವ ಸ್ಕೇಲಿಂಗ್ ಗರ್ಭಿಣಿಯರಿಗೆ ಸುರಕ್ಷಿತ. 4ರಿಂದ 6ನೇ ತಿಂಗಳು ಹೆಚ್ಚು ಅನುಕೂಲ. ನೀವಾಗಿಯೇ ಮಾತ್ರೆ ನುಂಗಬೇಡಿ.

ಆನಂದಿಬಾಯಿಯವರ ಕಾಲದಲ್ಲಿ ಕಲ್ಯಾಣದ ಹೆಂಗಸರಿಗೆ ಇಂಥ ನೆರವು ಇರಲಿಲ್ಲ. ಇಂದು ಡೊಂಬಿವಿಲಿ, ಠಾಣೆಗಳಲ್ಲಿ ದಂತ ಚಿಕಿತ್ಸಾಲಯಗಳಿವೆ, ನವಿ ಮುಂಬೈಯಲ್ಲಿ ದಂತ ವೈದ್ಯಕೀಯ ಕಾಲೇಜುಗಳೇ ಇವೆ. ಹೆರಿಗೆ ಮುಂಚಿನ ಮುಂದಿನ ತಪಾಸಣೆಗೆ ಹೋದಾಗ ವಸಡಿನ ವಿಷಯವನ್ನೂ ಹೇಳಿ.