ಕ್ಷ-ಕಿರಣ ಖಗೋಳಕ್ಕೆ ದಾರಿ ತೋರಿದ ಬ್ರೂನೊ ರೊಸ್ಸಿ

1962ರ ಜೂನ್ 18. ನಡುರಾತ್ರಿಗೆ ಒಂದು ನಿಮಿಷವಿರುವಾಗ ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಿಂದ ಪುಟ್ಟ ರಾಕೆಟ್ಟೊಂದು ಮೇಲೇರಿತು. ಚಂದ್ರನ ನೆಲದಿಂದ ಹೊಮ್ಮುವ ಕ್ಷ-ಕಿರಣಗಳನ್ನು ಅಳೆಯುವುದು ಅದರ ಘೋಷಿತ ಉದ್ದೇಶ. ವಾಯುಮಂಡಲದ ಮೇಲೆ ಅದಕ್ಕೆ ದಕ್ಕಿದ್ದು ಆರು ನಿಮಿಷಕ್ಕೂ ಕಡಿಮೆ ಅವಧಿ. ಚಂದ್ರನ ಕಿರಣಗಳು ಸಿಗಲಿಲ್ಲ. ವೃಶ್ಚಿಕ ರಾಶಿಯ ಕಡೆಯಿಂದ ಮಾತ್ರ ಯಾರೂ ಊಹಿಸದಷ್ಟು ಕ್ಷ-ಕಿರಣಗಳು ದಾಖಲಾದವು.

ಈ ಶೋಧದ ಬೀಜ ಬಿತ್ತಿದವರು ಬ್ರೂನೊ ರೊಸ್ಸಿ.

1905ರ ಏಪ್ರಿಲ್ 13ರಂದು ವೆನಿಸ್‌ನಲ್ಲಿ ಜನಿಸಿದ ರೊಸ್ಸಿ, ಫ್ಲಾರೆನ್ಸ್ ಬಳಿಯ ಆರ್ಚೆಟ್ರಿ ಗುಡ್ಡದಲ್ಲಿ ವಿಶ್ವಕಿರಣಗಳ ಅಧ್ಯಯನ ಆರಂಭಿಸಿದರು. ಗೆಲಿಲಿಯೊ ಕೊನೆಯ ದಿನಗಳನ್ನು ಕಳೆದ ತಾಣವದು. ಹಲವು ಗೈಗರ್ ಎಣಿಕೆ ಯಂತ್ರಗಳು ಏಕಕಾಲಕ್ಕೆ ಸ್ಪಂದಿಸಿದಾಗ ಮಾತ್ರ ಸುಳಿವು ನೀಡುವ ವಿದ್ಯುನ್ಮಂಡಲವನ್ನು 1930ರಲ್ಲಿ ರೂಪಿಸಿ ಹೆಸರಾದರು. ಮುಂದೆ ಪಡುವಾದಲ್ಲಿ ಪ್ರಾಧ್ಯಾಪಕರಾಗಿ ಭೌತವಿಜ್ಞಾನ ಸಂಸ್ಥೆಯೊಂದನ್ನು ಮುತುವರ್ಜಿಯಿಂದ ಕಟ್ಟಿಸಿದರು. 1938ರಲ್ಲಿ ಮುಸೊಲಿನಿ ಸರ್ಕಾರದ ಯಹೂದಿ ವಿರೋಧಿ ಕಾನೂನು ಅದೇ ಸಂಸ್ಥೆಯಿಂದ ಅವರನ್ನು ಹೊರಹಾಕಿತು. ನೋರಾ ಲೊಂಬ್ರೊಸೊ ಅವರನ್ನು ವರಿಸಿದ್ದೂ ಅದೇ ವರ್ಷ. ನವದಂಪತಿ ಕೋಪನ್‌ಹೇಗನ್, ಮ್ಯಾಂಚೆಸ್ಟರ್ ಮಾರ್ಗವಾಗಿ 1939ರಲ್ಲಿ ಅಮೆರಿಕ ಸೇರಿದರು. ಯುದ್ಧಕಾಲದ ಲಾಸ್ ಅಲಮೋಸ್ ಸೇವೆಯ ನಂತರ, 1946ರಿಂದ ಎಂಐಟಿಯೇ ಅವರ ಕರ್ಮಭೂಮಿಯಾಯಿತು.

ನಕ್ಷತ್ರಗಳೆಲ್ಲ ಸೂರ್ಯನಷ್ಟೇ ಕ್ಷ-ಕಿರಣ ಸೂಸುವುದಾದರೆ, ಅಷ್ಟು ದೂರದಿಂದ ಅವು ಅಂದಿನ ಉಪಕರಣಗಳಿಗೆ ಕಾಣುವಂತಿರಲಿಲ್ಲ. ಲೆಕ್ಕಾಚಾರ ನಿರಾಶಾದಾಯಕವಾಗಿತ್ತು. ಆದರೂ ಯಾರೂ ನೋಡಿಲ್ಲದ ಕಾರಣಕ್ಕೇ ನೋಡಬೇಕೆಂಬುದು ರೊಸ್ಸಿಯವರ ನಿಲುವು. 1959ರಲ್ಲಿ ತಮ್ಮ ಮನೆಯ ಔತಣಕೂಟವೊಂದರಲ್ಲಿ ಈ ವಿಚಾರವನ್ನು ಯುವ ವಿಜ್ಞಾನಿ ರಿಕಾರ್ಡೊ ಜಕೋನಿ ಅವರ ಕಿವಿಗೆ ಹಾಕಿದರು. ನಾಸಾ ಹಣ ಕೊಡಲೊಪ್ಪಲಿಲ್ಲ. ಚಂದ್ರನ ಹೆಸರಿನಲ್ಲಿ ವಾಯುಪಡೆ ಕೊಟ್ಟಿತು. ಅರ್ಜಿಯಲ್ಲೊಂದು, ಮನಸ್ಸಿನಲ್ಲೊಂದು ಇರುವುದು ವಿಜ್ಞಾನದಲ್ಲೂ ಹೊಸತಲ್ಲ.

ವೃಶ್ಚಿಕದ ಆ ಮೂಲ ಎಂಥದ್ದು? ನ್ಯೂಟ್ರಾನ್ ನಕ್ಷತ್ರವೊಂದು ಸಂಗಾತಿ ತಾರೆಯ ಅನಿಲವನ್ನು ಸೆಳೆಯುತ್ತಿದೆಯೆಂದು ಸೋವಿಯತ್ ವಿಜ್ಞಾನಿ ಶ್ಕ್ಲೊವ್‌ಸ್ಕಿ 1967ರಲ್ಲಿ ಸೂಚಿಸಿದರು. ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ಬೆಂಗಳೂರಿನಷ್ಟು ಜಾಗದಲ್ಲಿ ಅಡಕವಾದರೆ ಅದೇ ನ್ಯೂಟ್ರಾನ್ ನಕ್ಷತ್ರ. ಅದರತ್ತ ಬೀಳುವ ಅನಿಲ ಕೋಟ್ಯಂತರ ಡಿಗ್ರಿ ಕಾದು ಕ್ಷ-ಕಿರಣ ಸೂಸುತ್ತದೆ. 1970ರ ಡಿಸೆಂಬರ್‌ನಲ್ಲಿ ಹಾರಿದ ಉಹುರು ಉಪಗ್ರಹ ಇಂಥ ಜೋಡಿಗೆ ಪುರಾವೆ ಒದಗಿಸಿತು. ಸೆಂಟಾರಸ್ ನಕ್ಷತ್ರಪುಂಜದ ಮೂಲವೊಂದು 4.8 ಸೆಕೆಂಡಿಗೊಮ್ಮೆ ಮಿಡಿಯುತ್ತ, ಸುಮಾರು 2.1 ದಿನಗಳಿಗೊಮ್ಮೆ ಸಂಗಾತಿಯ ಮರೆಗೆ ಸರಿಯುತ್ತಿತ್ತು.

ರೊಸ್ಸಿ 1993ರ ನವೆಂಬರ್ 21ರಂದು ನಿಧನರಾದರು. ಜಕೋನಿಯವರಿಗೆ ನೊಬೆಲ್ ಬಂದದ್ದು 2002ರಲ್ಲಿ. ಒಮ್ಮೆ ಕೈಚೆಲ್ಲಿದ್ದ ನಾಸಾ, 1995ರ ಡಿಸೆಂಬರ್ 30ರಂದು ಹಾರಿಸಿದ ಕ್ಷ-ಕಿರಣ ಉಪಗ್ರಹಕ್ಕೆ ರೊಸ್ಸಿ ಹೆಸರಿಟ್ಟಿತು. ಸೆಕೆಂಡಿಗೆ 401 ಸಲ ತಿರುಗುತ್ತ ಸಂಗಾತಿಯ ಅನಿಲ ಕಬಳಿಸುವ ನ್ಯೂಟ್ರಾನ್ ನಕ್ಷತ್ರವನ್ನು 1998ರಲ್ಲಿ ಗುರುತಿಸಿದ್ದು ಆ ಉಪಗ್ರಹವೇ. 2012ರಲ್ಲಿ ಅದು ಕಾರ್ಯ ನಿಲ್ಲಿಸಿತು. ಇಸ್ರೋ 2015ರಲ್ಲಿ ಕಳುಹಿಸಿದ ಆಸ್ಟ್ರೋಸ್ಯಾಟ್ ಇಂಥ ಜೋಡಿಗಳ ವೀಕ್ಷಣೆಯನ್ನು ಮುಂದುವರಿಸಿತು.

ರೊಸ್ಸಿಯವರ ಚಿತಾಭಸ್ಮವಿರುವುದು ಅಮೆರಿಕದಲ್ಲಲ್ಲ; ಫ್ಲಾರೆನ್ಸ್‌ನ ಸಾನ್ ಮಿನಿಯಾಟೊ ಇಗರ್ಜಿಯ ರುದ್ರಭೂಮಿಯಲ್ಲಿ, ಆರ್ಚೆಟ್ರಿಗೆ ಸಮೀಪದಲ್ಲಿ.